ಬಂದೆಲದೊಡ್ಡಿಗೆ ಬಿದ್ದ ತೋಳನ ಮರಿಗಳು

ಬಾವ ಫೋನಿನಲ್ಲಿ ನಗುತ್ತಿದ್ದ. ಕದಿರೇಶನಿಗೆ ಮೊದಲು ಮೈ ಉರಿದದ್ದು ಆ ನಗುವಿಗೆ.

"ನಿಮ್ಮ ಆಫೀಸಿನ ದನ ಊರ ಮೇಲೆ ಬಿದ್ದಿದ್ವು ಕಣೋ. ಹಿಡಿದು ಬಂದೆಲದೊಡ್ಡಿಗೆ ಹಾಕಿದೀವಿ. ಯಜಮಾನ್ರು ಯಾರಿದಾರೋ ಬಂದು ಬಿಡಿಸ್ಕೊಂಡು ಹೋಗ್ಲಿ."

ಆಫೀಸಿಗೆ ಯಾವ ದನವೂ ಇಲ್ಲ ಎಂದು ಕದಿರೇಶ್ ಹೇಳುವಷ್ಟರಲ್ಲಿ ಆ ಕಡೆಯಿಂದ ಸಣ್ಣಗೆ ಕುಂಯ್‌ಗುಟ್ಟುವ ದನಿ ಕೇಳಿಸಿತು. ಅದು ನಾಯಿಮರಿಯದ್ದಲ್ಲ. ಬಂಡೆಯ ಮೇಲೆ ಹೊಟ್ಟೆ ಹಚ್ಚಿ ಮಲಗಿ, ಉಸಿರು ಬಿಗಿಹಿಡಿದು, ದೂರದಿಂದ ಎಷ್ಟೋ ದಿನ ಬೆಳಗ್ಗೆ ಕೇಳಿದ್ದ ದನಿ ಅದು. ಕೈಯಲ್ಲಿದ್ದ ಗುದ್ದಲಿಯನ್ನು ಅಲ್ಲೇ ಎಸೆದು ಬೈಕಿನ ಕಡೆ ಓಡಿದ.

ಬೋದೆಗುಟ್ಟ ಕಾವಲು ರಾಯಲ್ಪಾಡಿನ ಆಚೆ, ಆಂಧ್ರದ ಗಡಿಗೆ ಬೆನ್ನು ಕೊಟ್ಟು ಮಲಗಿರುವ ಗುಡ್ಡ. ಸೊಂಟದೆತ್ತರ ಬೋದೆ ಹುಲ್ಲು ಬೆಳೆಯುತ್ತಿದ್ದ ಆ ಜಾಗವನ್ನು ಲಾಂಟಾನ ಮೆಳೆ ಅರ್ಧಕ್ಕರ್ಧ ನುಂಗಿ ಹಾಕಿತ್ತು. ಹುಲ್ಲು ಹೋದರೆ ಮೊಲ ಹೋಗುತ್ತದೆ, ಮೊಲ ಹೋದರೆ ತೋಳ ಕುರಿಹಟ್ಟಿಗೆ ಬರುತ್ತದೆ. ಮೆಳೆ ಕಿತ್ತು ಹುಲ್ಲನ್ನು ಮರಳಿ ತರಬೇಕು, ಜೊತೆಗೆ ತೋಳ ಎಲ್ಲೆಲ್ಲಿ ತಿರುಗುತ್ತದೆಂದು ನೋಡಬೇಕು ಎಂದು ಅರಣ್ಯ ಇಲಾಖೆಯ ಒಪ್ಪಿಗೆ ಪಡೆದು ಬಂದವರು ಶೋಭಾರಾಣಿ ಮೇಡಂ. ಮಾಲೂರಿನವರು, ತೋಳಗಳ ಮೇಲೆ ಸಂಶೋಧನೆ ಮಾಡುವವರು. ಕದಿರೇಶ್ ಕಾವಲಿನ ಪಕ್ಕದ ಜೀಲಗುಂಟೆಯವನು. ಒಂಬತ್ತನೇ ಕ್ಲಾಸಿನಲ್ಲಿ ಮೇಷ್ಟ್ರ ಕೈಯ ಬೆತ್ತ ಕಿತ್ತು ಮುರಿದು ಹೊರಗೆ ಬಂದವನು ಮತ್ತೆ ಶಾಲೆಯ ಕಡೆ ತಲೆ ಹಾಕಿರಲಿಲ್ಲ. ಗಾರೆ ಕೆಲಸ, ಟೊಮೊಟೊ ಮಂಡಿ, ಲಾರಿ ಕ್ಲೀನರ್ ಎಲ್ಲವನ್ನೂ ಯಾರ ಜೊತೆಗಾದರೂ ಜಗಳವಾಡಿಯೇ ಬಿಟ್ಟಿದ್ದ. ಮೇಡಂ ಹತ್ತಿರ ಕೆಲಸಕ್ಕೆ ಸೇರಿದ ಮೇಲೆ ಗುಡ್ಡದಲ್ಲಿ ಜಗಳಕ್ಕೆ ಯಾರೂ ಇರಲಿಲ್ಲ. ಅಲ್ಲಿ ನಿಂತ.

ಹೋದ ಮಳೆಗಾಲದಲ್ಲಿ ಒಂದು ಹೆಣ್ಣುತೋಳವನ್ನು ಹಿಡಿದು, ಡಾಕ್ಟರಿಂದ ಮತ್ತು ಬರುವ ಸೂಜಿ ಹಾಕಿಸಿ, ಕುತ್ತಿಗೆಗೆ ರೇಡಿಯೋ ಪಟ್ಟಿ ಹಾಕಿ ಬಿಟ್ಟಿದ್ದರು. ಪಟ್ಟಿಯ ಬಕಲ್ಲು ಬಿಗಿದದ್ದು ಕದಿರೇಶನೇ. ಅದರ ಬೆಚ್ಚನೆಯ ತಲೆ ತನ್ನ ತೊಡೆಯ ಮೇಲಿರುವ ಫೋಟೋವನ್ನು ಊರಿನ ಪ್ರತಿಯೊಬ್ಬರಿಗೂ ತೋರಿಸಿದ್ದ. ಜೀವಮಾನದಲ್ಲಿ ಮೊದಲನೇ ಸಲ ಜನ ಅವನ ಕೈಯಿಂದ ಏನನ್ನೋ ಇಸ್ಕೊಂಡು ಮತ್ತೆ ಮತ್ತೆ ನೋಡಿದ್ದರು.

ದೊಡ್ಡಿಯ ಹತ್ತಿರ ಆಗಲೇ ಜನ ಸೇರಿತ್ತು. ಬೇರೆಯವರ ಹೊಲಕ್ಕೆ ನುಗ್ಗಿ ಪೈರು ಮೇಯುವ ದನವನ್ನು ಹಿಡಿದು ಕೂಡಿಹಾಕುವುದಕ್ಕೆಂದು ಅಜ್ಜಂದಿರ ಕಾಲದಲ್ಲಿ ಕಟ್ಟಿದ ಕಲ್ಲಿನ ದೊಡ್ಡಿ ಅದು. ಸುತ್ತಮುತ್ತಲ ಊರುಗಳಲ್ಲಿ ಇಂಥವೆಲ್ಲ ಬಿದ್ದುಹೋಗಿ ತಿಪ್ಪೆಯಾಗಿವೆ. ಜೀಲಗುಂಟೆಯಲ್ಲಿ ಇನ್ನೂ ನಡೆಯುತ್ತದೆ. ದನದ ಯಜಮಾನ ಬರಬೇಕು, ದೊಡ್ಡಿಯೊಳಗೆ ಕಾಲಿಟ್ಟು ದನದ ಬೆನ್ನ ಮೇಲೆ ಕೈಯಿಡಬೇಕು, ಇದು ನನ್ನದು ಎಂದು ಹತ್ತು ಜನರೆದುರು ಒಪ್ಪಿಕೊಳ್ಳಬೇಕು. ಆದ ನಷ್ಟ ಅವನ ತಲೆಗೆ, ಮುಂದೆ ಆಗುವ ನಷ್ಟವೂ ಅವನ ತಲೆಗೆ. ಹಾಗೆ ಒಪ್ಪಿಕೊಳ್ಳುವ ತನಕ ಅಪ್ಪನಾಣೆ ಇಟ್ಟರೂ ಬಾಗಿಲು ತೆಗೆಯುವುದಿಲ್ಲ. ಯಾರಾದರೂ ಗೋಡೆ ಹಾರಿ ದನ ಹೊಡೆದುಕೊಂಡು ಹೋದರೆ ಅದು ಕಳ್ಳತನ. ಅಂಥವನ ಮನೆಗೆ ಊರು ನೀರು ಬಿಡುವುದಿಲ್ಲ.

ಗಂಗಾಧರ್ ಬಾವ ಗೋಡೆಯ ಮೇಲೆ ಬೀಡಿ ಸೇದುತ್ತ ಕೂತಿದ್ದ. ಕದಿರೇಶ್ ಅವನತ್ತ ನೋಡದೆ ಗೋಡೆಯ ಮೇಲಿಂದ ಬಗ್ಗಿದ. ಮೂಲೆಯಲ್ಲಿ ಎರಡು ಮರಿಗಳು ಒಂದರೊಳಗೊಂದು ಮುಖ ಹುದುಗಿಸಿಕೊಂಡು ನಡುಗುತ್ತಿದ್ದವು. ಬೂದಿ ಬಣ್ಣದ ತುಪ್ಪಳ, ಇನ್ನೂ ನೆಟ್ಟಗೆ ನಿಲ್ಲದ ಕಿವಿ. ಸ್ವಲ್ಪ ಆಚೆಗೆ ಮೂರನೆಯದು ಕಾಲು ಚಾಚಿ ಮಲಗಿತ್ತು. ಅದರ ಮೇಲೆ ಯಾರೋ ಒದ್ದೆ ಗೋಣಿ ಹೊದಿಸಿದ್ದರು.

ಹೊದಿಸಿದವನು ಮುದುಕ ಅಜ್ಮತುಲ್ಲಾ. ಊರಿಗೆ ನೀರು ಬಿಡುವವನು ಅವನೇ, ದೊಡ್ಡಿಯ ಬೀಗದ ಕೈ ಇರುವುದೂ ಅವನ ಸೊಂಟದಲ್ಲೇ. "ಚೀಲದಾಗೇ ಹೋಗಿತ್ತಪ್ಪಾ," ಎಂದ ಮೆಲ್ಲಗೆ. "ಗೊಬ್ಬರದ ಚೀಲ, ಬಾಯಿ ಕಟ್ಟಿದ್ರು. ಉಸಿರು ಸಿಗ್ಲಿಲ್ಲ ಅದಕ್ಕೆ. ಮಿಕ್ಕಿದ್ದಕ್ಕೆ ಹಾಲಲ್ಲಿ ಬಟ್ಟೆ ಅದ್ದಿ ಇಟ್ಟೆ. ಮೂಸೂ ನೋಡ್ಲಿಲ್ಲ."

ಕದಿರೇಶನಿಗೆ ಸಿಟ್ಟು ನೆತ್ತಿಗೇರಿತು. ಬಾವನ ಅಂಗಿ ಹಿಡಿದು ಗೋಡೆಯಿಂದ ಕೆಳಗೆಳೆದ. ಇಬ್ಬರೂ ಮಣ್ಣಿನಲ್ಲಿ ಹೊರಳಿದರು. ನಾಲ್ಕು ಜನ ಬಿಡಿಸುವಷ್ಟರಲ್ಲಿ ಬಾವನ ತುಟಿ ಒಡೆದಿತ್ತು. ಅವನು ತಿರುಗಿ ಹೊಡೆಯಲಿಲ್ಲ. ತುಟಿ ಒರೆಸಿಕೊಂಡು ಎದ್ದು, "ನನ್ನ ಹಟ್ಟೀಲಿ ಎರಡು ಕುರಿಮರಿ ಹೋದಾಗ ನೀನು ಹೀಗೆ ಎಗರಾಡಿದ್ಯೇನೋ?" ಎಂದು ಕೇಳಿದ.

ಕದಿರೇಶ್ ಎಗರಾಡಿರಲಿಲ್ಲ. ಅಕ್ಕ ಅತ್ತಿದ್ದಳು. ಅವನು ಹೆಜ್ಜೆಗುರುತು ಅಳೆದು, ಫೋಟೋ ತೆಗೆದು, ಬಂದ ದಾರಿ ಹಿಡಿದಿದ್ದ.

ಬಾವ ಹೇಳಿದ ಕತೆ ಸುತ್ತುಬಳಸಿನದ್ದಲ್ಲ. ಸಂಕ್ರಾಂತಿ ಕಳೆದ ಮೇಲೆ ತೋಳ ಊರ ಹಿಂದಿನ ಬಂಡೆಗುಂಡಿಗೆ ಬಂದು ಸೇರಿದೆ. ಅವನ ಎರಡು ಕುರಿಮರಿ, ಭಾರತಮ್ಮನ ಒಂದು ಮೇಕೆ ಅದರ ಹೊಟ್ಟೆ ಸೇರಿವೆ. ಇವತ್ತು ಬೆಳಗ್ಗೆ ತಾಯಿ ನೀರಿಗೆ ಹೋದದ್ದು ನೋಡಿ, ಗುಂಡಿಯ ಬಾಯಿಗೆ ಅಡ್ಡ ಇದ್ದ ಕಲ್ಲನ್ನು ಹಾರೆಯಿಂದ ಮೀಟಿ ಸರಿಸಿ, ತೆವಳಿ, ಮರಿಗಳನ್ನು ಎಳೆದು ತಂದ. ಕೊಲ್ಲಬೇಕೆಂದಿದ್ದರೆ ಅಲ್ಲೇ ಹೊಗೆ ಹಾಕಿ ಮುಗಿಸಬಹುದಿತ್ತು. ಅವನು ಅಂಥವನಲ್ಲ. ಬೇರೆಯವರ ಸಾಕುಪ್ರಾಣಿಗೆ ಏನು ಮಾಡಬೇಕೋ ಅದನ್ನೇ ಮಾಡಿದ್ದಾನೆ, ತಂದು ದೊಡ್ಡಿಗೆ ಹಾಕಿದ್ದಾನೆ.

"ಸಾಕುಪ್ರಾಣಿ ಅಲ್ಲ ಬಾವ ಅದು. ತೋಳ."

"ತೋಳ ನಮ್ಮಪ್ಪನ ಕಾಲದಾಗೂ ಇತ್ತು. ಬೆಲ್ಟ್ ಕಟ್ಕೊಂಡು ತಿರುಗ್ತಿತ್ತಾ?"

ಸುತ್ತ ನಿಂತವರು ಹೌದೌದೆಂದರು. ಇವರಿಗೆ ಹೇಗೆ ಬಿಡಿಸಿ ಹೇಳುವುದು ಎಂದು ಕದಿರೇಶ್ ಹಲ್ಲು ಕಡಿದ. ಪಟ್ಟಿ ಕಟ್ಟಿದ ಮಾತ್ರಕ್ಕೆ ಪ್ರಾಣಿ ಸಾಕಿದಂತಲ್ಲ, ಗಾಳಿಗೆ ಯಜಮಾನನಿದ್ದಾನೆಯೇ, ಮೋಡಕ್ಕಿದ್ದಾನೆಯೇ. ಆದರೆ ಆ ಊರಿನಲ್ಲಿ ಕುತ್ತಿಗೆಗೆ ಹಗ್ಗ ಕಂಡರೆ ಅದರ ತುದಿಯಲ್ಲಿ ಒಬ್ಬ ಮನುಷ್ಯ ಇರಲೇಬೇಕು. ಅದನ್ನು ಅವನೂ ಬಲ್ಲ. ಅವನೂ ಅದೇ ಊರಿನವನು.

ಜೀಪು ಬಂದು ನಿಂತಿತು. ಅವನೇ ದಾರಿಯಲ್ಲಿ ಫೋನ್ ಮಾಡಿದ್ದ. ಶೋಭಾರಾಣಿ ಇಳಿದವರೇ ಗೋಡೆಯೊಳಗೆ ಬಗ್ಗಿ ನೋಡಿದರು. ಆಮೇಲೆ ಕದಿರೇಶನನ್ನು ಬೇವಿನ ಮರದ ಆಚೆಗೆ ಕರೆದು ತಗ್ಗಿದ ದನಿಯಲ್ಲಿ ಹೇಳಿದರು. ಈಗಲೇ ಇಲಾಖೆಗೆ ತಿಳಿಸಬೇಕಾದದ್ದು ತಮ್ಮ ಕರ್ತವ್ಯ. ತಿಳಿಸಿದರೆ ಶ್ರೀನಿವಾಸಪುರದಿಂದ ಗಾಡಿ ಬರುತ್ತದೆ, ಗಂಗಾಧರ್ ಜೈಲಿಗೆ ಹೋಗುತ್ತಾನೆ, ಮರಿಗಳು ಸಾಕ್ಷಿಯಾಗಿ ಎಲ್ಲಿಯದೋ ಪಂಜರಕ್ಕೆ ಹೋಗುತ್ತವೆ. ತಿಳಿಸದಿದ್ದರೆ ತಾಯಿಯ ಹಾಲಿಲ್ಲದೆ ಇಲ್ಲೇ ಸಾಯುತ್ತವೆ. ಕತ್ತಲಾಗುವ ಮೊದಲು ಗುಂಡಿಗೆ ಮುಟ್ಟಿಸಿದರೆ ತಾಯಿ ಇನ್ನೂ ಒಪ್ಪಿಕೊಳ್ಳಬಹುದು. ಖಾಲಿ ಗುಂಡಿ ಮೂಸಿ ನೋಡಿ ಅದು ಒಮ್ಮೆ ಊರು ಬಿಟ್ಟಿತೆಂದರೆ ಮುಗಿಯಿತು.

"ಸಂಜೆವರೆಗೂ ಫೋನ್ ಮಾಡಲ್ಲ. ಅಷ್ಟೇ ನನ್ನ ಕೈಲಾಗೋದು," ಎಂದರು.

ಆಮೇಲೆ ಜನರ ಮುಂದೆ ಹೋಗಿ ನಿಂತು ಮುಚ್ಚುಮರೆಯಿಲ್ಲದೆ ಮಾತಾಡಿದರು. ಮೆಳೆ ಕೀಳುವುದಕ್ಕೆ ತೆಂಕಣ ಇಳಿಜಾರಿನಲ್ಲಿ ಯಂತ್ರ ಬಿಟ್ಟದ್ದು ತಾವೇ. ಆ ಗದ್ದಲಕ್ಕೇ ತೋಳ ಹಳೆಯ ಗವಿ ಬಿಟ್ಟು ಊರ ಕಡೆ ಬಂದಿರಬೇಕು. ಮರಿ ಹಾಕುವ ಕಾಲದಲ್ಲಿ ಕೆಲಸ ನಿಲ್ಲಿಸಬೇಕಿತ್ತು, ನಿಲ್ಲಿಸಲಿಲ್ಲ. ಅದು ತಮ್ಮದೇ ತಪ್ಪು. ಆದರೆ ತೋಳ ಮಾತ್ರ ಯಾರದೂ ಅಲ್ಲ.

ಭಾರತಮ್ಮ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಮುಂದೆ ಬಂದಳು. ಗಂಡ ಸತ್ತ ಮೇಲೆ ಮೇಕೆ ಸಾಕಿ ಬದುಕಿದ ಹೆಂಗಸು. ಒಂದು ಸಲ ಪಂಚಾಯ್ತಿ ಮೆಂಬರೂ ಆಗಿದ್ದಳು. ಅವಳು ಬಾಯಿ ಬಿಟ್ಟರೆ ಗಂಡಸರು ಬೀಡಿ ಆರಿಸುತ್ತಿದ್ದರು.

"ತಪ್ಪು ನಿಮ್ದು, ತೋಳ ನಿಮ್ದಲ್ಲ. ಚೆನ್ನಾಗಿದೆ ಕಣಮ್ಮ ಈ ನ್ಯಾಯ. ಹಾಗಾದ್ರೆ ಅದರ ಕತ್ತಿಗೆ ಕಟ್ಟಿದೋರು ಯಾರು?"

"ಅದು ಎಲ್ಲಿ ಓಡಾಡುತ್ತೆ ಅಂತ ತಿಳ್ಕೊಳ್ಳೋಕೆ ಕಟ್ಟಿದ್ದು."

"ನಾನೂ ಮೇಕೆ ಕತ್ತಿಗೆ ಗಂಟೆ ಕಟ್ಟೋದು ಅದಕ್ಕೇ."

ಜನ ಗೊಳ್ಳೆಂದು ನಕ್ಕರು. ಹಿಂದಿನಿಂದ ಯಾರೋ, ಕತ್ತಿಗೆ ಕಟ್ಟಿದ ಮೇಲೆ ಸಾಕಲೇಬೇಕು ಮೇಡಂ, ನಾವೂ ಕಟ್ಟಿ ಅನುಭವಿಸ್ತಿಲ್ವಾ ಎಂದ. ಅವನ ಹೆಂಡತಿ ಅಲ್ಲೇ ಇದ್ದಳೋ ಏನೋ, ನಗು ಇನ್ನೊಂದು ಸುತ್ತು ಹೋಯಿತು. ಶೋಭಾರಾಣಿ ನಗಲಿಲ್ಲ. ಅವರ ಕಣ್ಣು ಜೀಪಿನ ಬಾನೆಟ್ಟಿನ ಮೇಲಿಟ್ಟಿದ್ದ ರಿಸೀವರ್ ಕಡೆ ಇತ್ತು. ತೋಳದ ಪಟ್ಟಿಯ ಸದ್ದನ್ನು ಹಿಡಿಯುವ ಆ ಪೆಟ್ಟಿಗೆ ಟಿಕ್ ಟಿಕ್ ಎನ್ನತೊಡಗಿತ್ತು.

ಮೊದಮೊದಲು ದೂರದ ಹಲ್ಲಿಯ ಲೊಚಗುಟ್ಟುವಿಕೆಯಂತಿತ್ತು. ಆಮೇಲೆ ಗಟ್ಟಿಯಾಯಿತು. ಕದಿರೇಶ್ ಆಂಟೆನಾ ಎತ್ತಿ ಸುತ್ತ ತಿರುಗಿಸಿದ. ಊರಿಗೆ ಅಂಟಿಕೊಂಡಿದ್ದ ಮಾವಿನ ತೋಪಿನ ಕಡೆಗೆ ಹಿಡಿದಾಗ ಸದ್ದು ಕಲ್ಲಿಗೆ ಕಲ್ಲು ಕುಟ್ಟಿದಂತಾಯಿತು. ಹೂ ಬಿಟ್ಟ ಮರಗಳ ಕೆಳಗೆ ಏನೂ ಕಾಣಿಸಲಿಲ್ಲ. ದೊಡ್ಡಿಯೊಳಗಿನ ಮರಿಯೊಂದು ಮೂತಿ ಎತ್ತಿ ಕೂಗಿತು. ಟಿಕ್ ಟಿಕ್ ಇನ್ನೂ ಹತ್ತಿರವಾಯಿತು.

ಜನಕ್ಕೆ ಅರ್ಥವಾಯಿತು. ನಗು ನಿಂತಿತು. ಹೆಂಗಸರು ಮಕ್ಕಳನ್ನು ಎಳೆದುಕೊಂಡರು. ಇಬ್ಬರು ದೊಣ್ಣೆಗೆ ಓಡಿದರು. ಮೂರನೆಯವನು ನಾಯಿಗಳನ್ನು ಕರೆಯುತ್ತ ಕೇರಿಯ ಕಡೆ ಹೋದ. ಹಗಲು ಹೊತ್ತಿನಲ್ಲಿ ಊರ ಬಾಗಿಲಿಗೆ ಬಂದ ತೋಳ ಜೀವ ಸಹಿತ ವಾಪಸು ಹೋಗುವುದಿಲ್ಲ ಎಂದು ಯಾರೂ ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ.

ಕದಿರೇಶ್ ಅಜ್ಮತುಲ್ಲಾನ ಮುಂದೆ ಹೋಗಿ ನಿಂತ. ಬಾಗಿಲು ತೆಗೆ ಎಂದ. ಅಜ್ಮತುಲ್ಲಾ ಭಾರತಮ್ಮನ ಮುಖ ನೋಡಿದ, ಗಂಗಾಧರನ ಮುಖ ನೋಡಿದ, ಸೊಂಟದ ಬೀಗದ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡ. "ಯಾರದು ಅಂತ ಹೇಳು, ತೆಗೀತೀನಿ. ನಮ್ಮಪ್ಪ ನಂಬಿಕೆಯಿಂದ ಕಾದ ಬೀಗ ಇದು. ನಾನು ಮುರೀಲಾರೆ."

"ನಂದು."

ಅದು ಎಷ್ಟು ಮೆಲ್ಲಗೆ ಬಂತೆಂದರೆ ಪಕ್ಕದವನಿಗೂ ಸರಿಯಾಗಿ ಕೇಳಿಸಲಿಲ್ಲ. ಭಾರತಮ್ಮ ಇನ್ನೊಂದು ಸಲ ಹೇಳೆಂದಳು.

"ನಂದು ಅಂದೆ. ಕಟ್ಟಿದ್ದು ನಾನು. ಫೋಟೋ ಎಲ್ರೂ ನೋಡಿದೀರಲ್ಲ. ಬಕಲ್ಲು ಬಿಗಿದ ಕೈ ಇದೇ."

ಶೋಭಾರಾಣಿ ಮುಂದೆ ಬಂದು ಅವನ ತೋಳು ಹಿಡಿದರು. "ಬೇಡ ಕದಿರೇಶ್. ಇದು ಸುಳ್ಳು. ಇವತ್ತು ಒಪ್ಪಿಕೊಂಡ್ರೆ ನಾಳೆ ನಾಯಿ ಕಚ್ಚಿದ ಕುರಿನೂ ನಿನ್ನ ಮನೆ ಮುಂದೆ ತಂದು ಹಾಕ್ತಾರೆ."

"ನೀವು ಓದಿರೋರು ಮೇಡಂ, ನಿಮ್ಮ ಬಾಯಲ್ಲಿ ಸುಳ್ಳು ಬರಲ್ಲ. ನನ್ನ ಬಾಯಲ್ಲಿ ಬರುತ್ತೆ, ಬಿಡಿ."

ಹಾಗೆಂದದ್ದು ಅವರಿಗೆ ನೋವಾಯಿತೆಂದು ಅವನಿಗೆ ಗೊತ್ತಾಯಿತು. ನೋವಾಗಲಿ ಎಂದೇ ಹೇಳಿದ್ದ. ಎಲ್ಲರ ಮೇಲೂ ಕೋಪವಿತ್ತು ಅವನಿಗೆ. ಯಂತ್ರ ಬಿಟ್ಟ ಇವರ ಮೇಲೆ, ಚೀಲದ ಬಾಯಿ ಕಟ್ಟಿದ ಬಾವನ ಮೇಲೆ, ಬೀಗ ಹಿಡಿದು ನಿಂತ ಮುದುಕನ ಮೇಲೆ. ಹೆಗ್ಗಳಿಕೆಗೆ ಆ ಫೋಟೋ ಹಿಡಿದು ಊರೆಲ್ಲಾ ತಿರುಗಿದ ತನ್ನ ಮೇಲಂತೂ ಎಲ್ಲರಿಗಿಂತ ಹೆಚ್ಚಿತ್ತು.

ಬಾಗಿಲು ತೆರೆಯಿತು. ಅವನು ಒಳಗೆ ಹೋಗಿ ಕುಕ್ಕರುಗಾಲಲ್ಲಿ ಕೂತು ಎರಡು ಮರಿಗಳ ಬೆನ್ನ ಮೇಲೂ ಕೈಯಿಟ್ಟ. ಅವುಗಳ ಎದೆ ಗುಬ್ಬಿಯ ಎದೆಯಂತೆ ಹೊಡೆದುಕೊಳ್ಳುತ್ತಿತ್ತು. ಒಂದು ಅವನ ಹೆಬ್ಬೆರಳು ಕಚ್ಚಿ ಹಿಡಿದು ಬಿಡಲೇ ಇಲ್ಲ. ಅವನು ತನ್ನ ಹೆಸರು ಹೇಳಿದ, ಅಪ್ಪನ ಹೆಸರು ಹೇಳಿದ, ಇವು ನನ್ನವು ಎಂದ.

"ತಾಯಿ?" ಭಾರತಮ್ಮ ಗೋಡೆಯ ಮೇಲಿಂದ ಕೇಳಿದಳು.

"ತಾಯಿನೂ ನಂದೇ."

"ಇನ್ಮೇಲೆ ಅದು ಯಾರ ಹಟ್ಟಿಗೆ ಬಿದ್ರೂ?"

"ನನ್ನ ಹತ್ರ ಬನ್ನಿ."

ಅಷ್ಟು ಸಾಕಾಗಿತ್ತು. ಒಂದು ಮಾತು ಹೆಚ್ಚಿಲ್ಲ, ಕಡಿಮೆಯಿಲ್ಲ. ಭಾರತಮ್ಮ ತಿರುಗಿ ಗಂಡಸರಿಗೆ, ದೊಣ್ಣೆ ಕೆಳಗಿಡ್ರೋ, ಆ ನಾಯಿಗಳನ್ನ ಕಟ್ಟಿಹಾಕ್ರೋ, ಯಜಮಾನ ಬಂದಮೇಲೆ ಅವನ ಪ್ರಾಣಿ ಮೇಲೆ ಕೈ ಮಾಡೋ ಹಾಗಿಲ್ಲ ಎಂದು ಗದರಿದಳು. ದೊಣ್ಣೆಗಳು ಕೆಳಗಿಳಿದವು. ಕದಿರೇಶನಿಗೆ ನಂಬಲಾಗಲಿಲ್ಲ. ಕಾನೂನು ಹೇಳಿದ್ದರೆ ಬಗ್ಗದ ಜನ ಈ ಮಾತಿಗೆ ಬಗ್ಗಿದ್ದರು.

ಮರಿಗಳನ್ನು ಮಂಕರಿಯಲ್ಲಿಟ್ಟು ಮೇಲೆ ಬೇವಿನ ಸೊಪ್ಪು ಹರವಿ ಹೊರಟ. ಶೋಭಾರಾಣಿ ರಿಸೀವರ್ ಹಿಡಿದು ಜೊತೆಗೆ ನಡೆದರು. ಸ್ವಲ್ಪ ದೂರ ಹೋದ ಮೇಲೆ ಹಿಂದೆ ಹೆಜ್ಜೆ ಕೇಳಿಸಿತು. ಗಂಗಾಧರ್ ಬರುತ್ತಿದ್ದ. ಸತ್ತ ಮರಿಯನ್ನು ಟವಲ್ಲಿನಲ್ಲಿ ಸುತ್ತಿ ಎದೆಗವುಚಿಕೊಂಡಿದ್ದ. ಗುಂಡಿಯ ಬಾಯಿಂದ ಸರಿಸಿದ ಕಲ್ಲು ಒಬ್ಬನ ಕೈಲಿ ಎತ್ತಲಾಗದು ಎಂದಷ್ಟೇ ಹೇಳಿದ. ಕದಿರೇಶ್ ಹಾದಿಯ ಒಂದು ಬದಿಗೆ ಸರಿದು ಅವನಿಗೆ ಜಾಗ ಬಿಟ್ಟ.

ಬಂಡೆಗುಂಡಿಯ ಹತ್ತಿರ ಹೊತ್ತು ಇಳಿಯುತ್ತಿತ್ತು. ಮನುಷ್ಯರ ವಾಸನೆ ಹೋಗಲೆಂದು ಒಳಗಿನ ಮಣ್ಣನ್ನೇ ತೆಗೆದು ಮರಿಗಳ ಮೈಗೆಲ್ಲಾ ತಿಕ್ಕಿದರು. ಬಾವ, ಬಾಮೈದ ಇಬ್ಬರೂ ಕಲ್ಲಿಗೆ ಹೆಗಲು ಕೊಟ್ಟು ಅದರ ಜಾಗಕ್ಕೆ ತಂದಿಟ್ಟರು. ಗಂಗಾಧರ್ ಸ್ವಲ್ಪ ದೂರದ ಹೊಂಗೆ ಬುಡದಲ್ಲಿ ಕೈಯಿಂದಲೇ ಮಣ್ಣು ತೋಡಿ ಟವಲ್ಲಿನ ಸಮೇತ ಆ ಮರಿಯನ್ನು ಮುಚ್ಚಿ ಕೆಳಗಿಳಿದು ಹೋದ. ಉಳಿದ ಇಬ್ಬರೂ ಎದುರಿನ ದಿಣ್ಣೆಯ ಹಿಂದೆ, ಗಾಳಿ ತಮ್ಮ ಕಡೆ ಬೀಸುವಂತೆ ನೋಡಿಕೊಂಡು ಮಲಗಿದರು.

ಟಿಕ್ ಟಿಕ್ ಇತ್ತು. ಹತ್ತಿರ ಬರುತ್ತಿರಲಿಲ್ಲ, ದೂರವೂ ಹೋಗುತ್ತಿರಲಿಲ್ಲ. ಮರಿಗಳು ಗುಂಡಿಯ ಬಾಯಿಗೆ ಬಂದು ಕೂಗಿದವು. ಒಂದಕ್ಕೆ ದನಿ ಪೂರ್ತಿ ಕಟ್ಟಿಹೋಗಿ ಬಾಯಿ ಮಾತ್ರ ತೆರೆಯುತ್ತಿತ್ತು. ಆಕಾಶದ ಕೆಂಪು ಹೋಗಿ ಬೂದಿಯಾಗುತ್ತಿತ್ತು. ಕದಿರೇಶನ ಕಾಲು ಜೋಮು ಹಿಡಿದಿತ್ತು. ಒಂದು ಕಲ್ಲಿನ ಪಕ್ಕ ಇನ್ನೊಂದು ಕಲ್ಲು ಇದ್ದಂತೆ ಕಂಡಿತು. ಆ ಕಲ್ಲು ಕುತ್ತಿಗೆ ತಿರುಗಿಸಿತು.

ತೋಳ ನೇರವಾಗಿ ಬರಲಿಲ್ಲ. ಗುಂಡಿಯನ್ನು ದೂರದಿಂದ ಸುತ್ತು ಹಾಕಿತು, ನಿಂತಿತು, ನೆಲ ಮೂಸಿತು. ಬಾವ ಕಾಲೂರಿದ ಜಾಗದಲ್ಲಿ ಕೂದಲು ನಿಮಿರಿಸಿ ಹಿಂದಕ್ಕೆ ಜಿಗಿಯಿತು. ಹೋಯಿತು ಎಂದುಕೊಂಡ ಕದಿರೇಶ್. ಆಗ ದನಿಯಿದ್ದ ಮರಿ ತಡವರಿಸುತ್ತ ಅದರ ಕಡೆ ಓಡಿ, ಮುಂಗಾಲ ಸಂದಿಗೆ ನುಗ್ಗಿತು. ತಾಯಿ ಅದನ್ನು ಮೂಗಿನಿಂದ ಉರುಳಿಸಿತು, ಮತ್ತೆ ಉರುಳಿಸಿತು, ಕುತ್ತಿಗೆ ಕಚ್ಚಿ ಎತ್ತಿಕೊಂಡು ಗುಡ್ಡದ ಮೇಲಕ್ಕೆ ನಡೆದುಬಿಟ್ಟಿತು.

ಇನ್ನೊಂದು ಮರಿ ಒಂಟಿಯಾಗಿ ನಿಂತಿತ್ತು. ದನಿಯಿಲ್ಲದ್ದು ಅದೇ. ರಿಸೀವರಿನ ಸದ್ದು ಸಣ್ಣದಾಗುತ್ತ ಹೋಗಿ ಒಂದು ಹಂತದಲ್ಲಿ ನಿಂತೇಹೋಯಿತು. ಕದಿರೇಶ್ ಏಳಲು ಮೊಣಕೈ ಊರಿದ. ಶೋಭಾರಾಣಿ ಅವನ ಬೆನ್ನ ಮೇಲೆ ಅಂಗೈಯಿಟ್ಟು ಒತ್ತಿದರು.

"ಕೂಗ್ತಿಲ್ಲ ಮೇಡಂ ಅದು. ಅದು ಇದೆ ಅಂತ ಅವಳಿಗೆ ಹೇಗೆ ಗೊತ್ತಾಗ್ಬೇಕು?"

"ನನಗೂ ಗೊತ್ತಿಲ್ಲ. ಆದ್ರೆ ನೀನು ಎದ್ರೆ ಖಂಡಿತ ಬರಲ್ಲ."

ಅವನು ಮುಖವನ್ನು ಹುಲ್ಲಿನಲ್ಲಿ ಒತ್ತಿಕೊಂಡು ಮಲಗಿದ. ಆ ಕೈ ಬೆನ್ನ ಮೇಲೇ ಇತ್ತು. ಇನ್ನೇನು ಕಣ್ಣಿಗೆ ಏನೂ ಕಾಣಿಸದು ಎನ್ನುವಾಗ ಪೆಟ್ಟಿಗೆ ಟಿಕ್ ಎಂದಿತು. ಸುಮ್ಮನಾಯಿತು. ಮತ್ತೆ ಟಿಕ್ ಎಂದಿತು.

ಈ ಸಲ ಅದು ಸುತ್ತು ಹಾಕಲಿಲ್ಲ. ನೇರವಾಗಿ ಇಳಿದು ಬಂದು ಮರಿಯನ್ನು ಕಚ್ಚಿಕೊಂಡು, ಹೊಂಗೆ ಬುಡದ ಹೊಸ ಮಣ್ಣಿನ ಹತ್ತಿರ ಒಂದು ಗಳಿಗೆ ನಿಂತು, ಹೊರಟುಹೋಯಿತು.

ಇಳಿಯುವಾಗ ಶೋಭಾರಾಣಿ ಹೇಳಿದರು. ನಡೆದದ್ದನ್ನೆಲ್ಲಾ ಇಲಾಖೆಗೆ ಇದ್ದದ್ದು ಇದ್ದ ಹಾಗೆ ಬರೆಯುತ್ತಾರಂತೆ. ಯಂತ್ರದ ತಪ್ಪು ಮೊದಲು, ಗಂಗಾಧರನದು ಆಮೇಲೆ, ಅವನೇ ವಾಪಸು ಬಿಡಲು ಬಂದದ್ದನ್ನೂ ಸೇರಿಸಿ. ಮರಿಗಳು ಓಡಾಡುವ ತನಕ ತೆಂಕಣ ಇಳಿಜಾರಿನಲ್ಲಿ ಗುದ್ದಲಿಯ ಸದ್ದೂ ಆಗುವುದಿಲ್ಲವಂತೆ. ಬಾವನಿಗೆ ಏನಾಗುತ್ತದೆಂದು ಅವರಿಗೂ ಗೊತ್ತಿರಲಿಲ್ಲ.

ವಾರ ಕಳೆದಿರಲಿಲ್ಲ, ಒಂದು ದಿನ ಬೆಳಗ್ಗೆ ಭಾರತಮ್ಮ ಬಾಗಿಲಿಗೆ ಬಂದಳು. ಕೈಯಲ್ಲಿ ಮೇಕೆಮರಿಯ ಹರಿದ ಹಗ್ಗ. ನಿನ್ನ ಪ್ರಾಣಿ ಬಂದಿತ್ತು ಎಂದಳು. ಕದಿರೇಶ್ ಹಲ್ಲುಜ್ಜುತ್ತಿದ್ದವನು ನೊರೆ ಉಗುಳಿ, ಅದು ಈಗ ಗುಡ್ಡದ ಆ ಕಡೆ ಇದೆ, ನಾನೇ ನೋಡಿದ್ದೀನಿ, ನಾಯಿ ಹಿಡಿದಿರಬೇಕು, ನರಿ ಹಿಡಿದಿರಬೇಕು, ಎಲ್ಲಕ್ಕೂ ನಾನೇ ಸಿಕ್ಕಿದೆನಾ ಎಂದು ಊರೇ ಕೇಳುವಂತೆ ಕಿರುಚಾಡಿದ. ಅವಳು ಬಾಗಿಲಲ್ಲೇ ಕೂತು ಎಲ್ಲವನ್ನೂ ಕೇಳಿಸಿಕೊಂಡಳು.

"ಆಯ್ತಾ ಬೈದಿದ್ದು? ತೋಳನೋ ನಾಯಿನೋ, ನನ್ನ ಹಟ್ಟಿಗೆ ಬೇಲಿ ಇಲ್ಲ. ಗಂಡಸರು ಯಾರೂ ಇಲ್ಲ ನಮ್ಮನೇಲಿ ಕಟ್ಟೋಕೆ."

ಅವನು ಬಾಯಿ ತೊಳೆದು, ಅಂಗಿ ಹಾಕಿಕೊಂಡು, ಮಚ್ಚು ತಗೊಂಡ. ಕೆರೆಯಂಗಳದ ಸೀಮೆಜಾಲಿಯನ್ನು ಮಧ್ಯಾಹ್ನದವರೆಗೂ ಕಡಿದ. ಮುಳ್ಳು ಅಂಗೈಯೆಲ್ಲಾ ಹರಿದಿತ್ತು. ಕೊನೆಯ ಕೊಂಬೆಯನ್ನು ಹಟ್ಟಿಯ ಬಾಯಿಗೆ ಎಳೆದು ತಂದು, ಉಸಿರು ಬಿಡುತ್ತ, "ಆ ಕಡೆ ಹಿಡ್ಕೋ ಅತ್ತೆ, ಸುಮ್ನೆ ನಿಂತು ಏನ್ ನೋಡ್ತೀಯ," ಎಂದು ಸಿಡುಕಿದ. ಅವಳು ಸೆರಗಿನಿಂದ ಕೈ ಸುತ್ತಿಕೊಂಡು ಇನ್ನೊಂದು ತುದಿ ಹಿಡಿದಳು.